ಏಳನೆಯ ಪೈಪಿನ ಏರುನೀರು

ವಿನ್‌ಫ್ರೀಡ್ ಕ್ನಾಪ್ ಸರಕಾರದ ಕಣ್ಣಾದದ್ದು ಒಂದು ಮಂಗಳವಾರ. ಅದಕ್ಕೆ ಮೊದಲು ಅವನು ಮೂವತ್ತೊಂದು ವರ್ಷ ಹಾಸಿಗೆ ಅಂಗಡಿಯಲ್ಲಿ ಗಿರಾಕಿಗಳನ್ನು ಮಲಗಿಸಿ ಎಬ್ಬಿಸುವ ಕೆಲಸ ಮಾಡಿ ನಿವೃತ್ತನಾಗಿದ್ದ. ಎಚ್ಚರವಾಗಿರುವ ಕೆಲಸ ಅವನಿಗೆ ಹೊಸದು.

ನಮ್ಮ ‘ಸಂಜೆನೆಮ್ಮದಿ’ ತೋಟಗಳ ಸಂಘದಲ್ಲಿ ನಲವತ್ತೆರಡು ತೋಟಗಳಿವೆ. ಒಂದೊಂದಕ್ಕೂ ಮರದ ಒಂದು ಪುಟ್ಟ ಮನೆ, ಒಂದು ಕೈಪಂಪು, ಒಂದು ಬೇಲಿ, ಬೇಲಿಯಾಚೆ ಒಬ್ಬ ಶತ್ರು. ತೋಟಗಳ ಹಿಂದೆ ಗುಡ್ಡ. ನಮ್ಮ ಊರು ಅಂಗೈಯಷ್ಟು ಚಪ್ಪಟೆ. ಇರುವ ಒಂದೇ ಗುಡ್ಡವನ್ನು ನಾವೇ ಮಾಡಿಕೊಂಡದ್ದು. ನಲವತ್ತು ವರ್ಷ ಊರು ಎಸೆದ ಕಸವನ್ನು ರಾಶಿ ಹಾಕಿ, ಮೇಲೆ ಮಣ್ಣು ಹೊದಿಸಿ, ಹುಲ್ಲು ಬಿತ್ತಿ, ತುದಿಯಲ್ಲಿ ಒಂದು ಬೆಂಚು ಇಟ್ಟರು. ಬೆಂಚಿನ ಮೇಲೆ ಅಂದಿನ ಮೇಯರ್ ಹೆಸರಿದೆ. ಕಸದ ಮೇಲೆ ಯಾರ ಹೆಸರೂ ಇಲ್ಲ.

ಗುಡ್ಡದ ಅಡಿಯ ನೀರು ನಮ್ಮ ಕಡೆಗೇ ಹರಿಯುತ್ತದೆ. ಅದರ ಮೇಲೆ ಕಣ್ಣಿಡಲು ಜಲ ಕಚೇರಿಯವರು ಗುಡ್ಡದ ಸುತ್ತ ಹನ್ನೆರಡು ಕಬ್ಬಿಣದ ಪೈಪುಗಳನ್ನು ಆಳಕ್ಕೆ ಇಳಿಸಿದ್ದಾರೆ. ಏಳನೆಯದು ಕ್ನಾಪ್‌ನ ತೋಟದ ಮುಂಭಾಗದಲ್ಲಿದೆ. ವಾರಕ್ಕೊಮ್ಮೆ ಬಂದು ಅಳೆಯುತ್ತಿದ್ದ ನೌಕರನಿಗೆ ಬೆನ್ನು ಹಿಡಿದುಕೊಂಡಿತು. ಅವನ ಜಾಗಕ್ಕೆ ಇನ್ನೊಬ್ಬನನ್ನು ತರಲು ಎರಡು ವರ್ಷವಾದರೂ ಬೇಕು. ಅಲ್ಲಿಯವರೆಗೆ ಸೇವಾಮನೋಭಾವದ ನಾಗರಿಕರೊಬ್ಬರನ್ನು ಕೊಡಿ ಎಂದು ಸಂಘಕ್ಕೆ ಪತ್ರ ಬಂತು. ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಕ್ನಾಪ್ ಒಬ್ಬ ಮಾತ್ರ ತಲೆಯೆತ್ತಿ ಕೂತಿದ್ದ. ತನ್ನ ಕೇಕಿನ ಮೇಲೆ ಸುತ್ತುತ್ತಿದ್ದ ಕಣಜ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದ. ಅವನನ್ನು ಸರ್ವಾನುಮತದಿಂದ ಆರಿಸಲಾಯಿತು. ಅದನ್ನು ಬರೆದುಕೊಂಡವಳು ನಾನೇ. ಸಂಘದ ನಡಾವಳಿ ಬರೆಯುವುದು ಹದಿನಾರು ವರ್ಷದಿಂದ ನನ್ನ ಪಾಲಿನ ಕೆಲಸ. ನನ್ನ ತೋಟ ಅವನ ಪಕ್ಕದ್ದು.

ಕಚೇರಿ ಅವನಿಗೆ ಒಂದು ಅಳತೆಪಟ್ಟಿ ಕೊಟ್ಟಿತು. ಅದರ ತುದಿಗೆ ಬೆರಳುದ್ದದ ಲೋಹದ ಸೀಟಿ. ಪೈಪಿನೊಳಗೆ ಇಳಿಬಿಟ್ಟರೆ, ನೀರು ಮುಟ್ಟಿದ ಕ್ಷಣ ಒಳಗಿನ ಗಾಳಿ ಹೊರಬಿದ್ದು ಸೀಟಿ ಕೂಗುತ್ತದೆ. ಆಗ ಪೈಪಿನ ಬಾಯಿಯಿಂದ ನೀರಿಗೆ ಎಷ್ಟು ದೂರ ಎಂದು ಪಟ್ಟಿಯ ಮೇಲೆ ಓದಿ, ನಮೂನೆಯಲ್ಲಿ ಬರೆದರೆ ಮುಗಿಯಿತು. ಐದು ನಿಮಿಷದ ಕೆಲಸ. ಕ್ನಾಪ್ ಅದನ್ನು ಒಂದು ಗಂಟೆಯ ಪೂಜೆಯನ್ನಾಗಿ ಮಾಡಿದ. ಕಿತ್ತಳೆ ಬಣ್ಣದ ಮೇಲಂಗಿ ತಂದು, ಬೆನ್ನಿನ ಮೇಲೆ ‘ಅಂತರ್ಜಲ ವೀಕ್ಷಕ’ ಎಂದು ಬರೆಸಿದ.

“ಅವನಿಗಂತೂ ಕಾಣಲ್ಲ,” ಎಂದು ಅವನ ಹೆಂಡತಿ ರೋಸ್ವಿಟಾ ಬೇಲಿಗೊರಗಿ ನನಗೆ ಹೇಳಿದಳು. “ದಿನಕ್ಕೆ ನಾಲ್ಕು ಸಲ ನನ್ನ ಕೇಳ್ತಾನೆ, ಅಕ್ಷರ ಇನ್ನೂ ಇದ್ಯಾ ಅಂತ.”

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕ್ನಾಪ್ ಪೈಪಿನ ಮುಂದೆ ಮಂಡಿಯೂರಿ ಕೈಯೆತ್ತಿದರೆ ಇಡೀ ಸಾಲು ಸುಮ್ಮನಾಗಬೇಕಿತ್ತು. ಸೀಟಿ ಕೇಳಿಸಬೇಕಲ್ಲ. ಎದುರು ತೋಟದ ಹಾರ್ಮ್ ಓಲ್ಟ್‌ಮನ್ಸ್ ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ಕೇಳುತ್ತಿದ್ದ:

“ಏನಪ್ಪಾ, ಹೆರಿಗೆನಾ?”

“ಅಂತರ್ಜಲ.”

“ಗಂಡೋ ಹೆಣ್ಣೋ?”

“ಎರಡು ಎಂಬತ್ತಾರು,” ಎಂದು ಕ್ನಾಪ್ ಗಂಭೀರವಾಗಿ ಹೇಳುತ್ತಿದ್ದ. ಎರಡು ಮೀಟರ್ ಎಂಬತ್ತಾರು ಸೆಂಟಿಮೀಟರ್. ಪ್ರತಿ ವಾರವೂ ಅಷ್ಟೇ. ಏಳು ವಾರ ಅಷ್ಟೇ. ತಾನು ಇಷ್ಟು ನಿಷ್ಠೆಯಿಂದ ನೋಡುತ್ತಿದ್ದರೂ ನೀರು ಅಲುಗಾಡುತ್ತಿಲ್ಲ ಎಂದು ಅವನಿಗೆ ಒಳಗೊಳಗೇ ಅವಮಾನವಾಗಿತ್ತು.

ಜೂನ್ ತಿಂಗಳಲ್ಲಿ ತೋಟಗಳ ತಪಾಸಣೆ. ನಮ್ಮಲ್ಲಿ ಬೇಲಿಯ ಬಳಿ ಎಲ್ಲರೂ ಏಕವಚನ. ತಪಾಸಣೆಯಲ್ಲಿ, ಸಭೆಯಲ್ಲಿ ಬಹುವಚನ. ಬೈಯಲು ಬಹುವಚನವೇ ಅನುಕೂಲ. ಅಧ್ಯಕ್ಷೆ ಹೆಡ್ವಿಗ್ ಟ್ರಾಪ್‌ಮನ್ ಮಡಚುವ ಅಳತೆಕೋಲು ಹಿಡಿದು, ಹಿಂದೆ ನನ್ನನ್ನೂ ನನ್ನ ಪುಸ್ತಕವನ್ನೂ ಕಟ್ಟಿಕೊಂಡು, ಕ್ನಾಪ್‌ನ ಗೇಟಿನ ಮುಂದೆ ನಿಂತಳು. ಬೇಲಿ ಅಳೆದಳು, ಸರಿ. ಗುಲಾಬಿ ಅಳೆದಳು, ಸರಿ. ಆಮೇಲೆ ಕೋಲನ್ನು ಏಳನೆಯ ಪೈಪಿಗೆ ಆನಿಸಿದಳು.

“ಕ್ನಾಪ್ ಅವರೇ, ಇದು ನೂರ ಹನ್ನೆರಡು.”

“ಅದು ಸರಕಾರದ ಪೈಪು, ಅಧ್ಯಕ್ಷರೇ.”

“ತೋಟದ ಮುಂಭಾಗದಲ್ಲಿ ಎಂಬತ್ತು ಸೆಂಟಿಮೀಟರಿಗಿಂತ ಎತ್ತರವಾಗಿ ಏನೂ ನಿಲ್ಲೋ ಹಾಗಿಲ್ಲ. ನಿಯಮದಲ್ಲಿ ‘ಏನೂ’ ಅಂತಿದೆ. ಸರಕಾರ ಬಿಟ್ಟು ಅಂತ ಇಲ್ಲ.”

“ಹನ್ನೊಂದು ವರ್ಷದಿಂದ ನಿಂತಿದೆಯಲ್ಲ?”

“ಹನ್ನೊಂದು ವರ್ಷ ಅದು ಕಚೇರಿಯವರದಾಗಿತ್ತು. ಈಗ ನಿಮ್ಮದು. ಬೆನ್ನ ಮೇಲೇ ಬರೆಸ್ಕೊಂಡಿದೀರಿ.”

ಮೂರು ವಾರದ ಗಡುವು. ಕ್ನಾಪ್ ಅಂದೇ ಜಲ ಕಚೇರಿಗೆ ಪತ್ರ ಬರೆದ. ನಿಮ್ಮ ಪತ್ರ ತಲುಪಿದೆ, ಬೇಸಿಗೆ ರಜೆಯ ಕಾರಣ ಆರು ವಾರದಲ್ಲಿ ಉತ್ತರಿಸುತ್ತೇವೆ ಎಂದು ಉತ್ತರ ಬಂತು. ಮೂರು ವಾರ ಮತ್ತು ಆರು ವಾರದ ನಡುವೆ ಸಿಕ್ಕಿಕೊಂಡ ಪ್ರಜೆ ಏನು ಮಾಡುತ್ತಾನೆ? ಬೇರೆ ಕಡೆ ಹೇಗೋ ಗೊತ್ತಿಲ್ಲ. ನಮ್ಮಲ್ಲಿ ಹತ್ತಿರದ ಗಡುವಿಗೆ ಹೆದರುತ್ತಾನೆ.

ಮಧ್ಯಾಹ್ನ ಒಂದರಿಂದ ಮೂರರವರೆಗೆ ತೋಟಗಳಲ್ಲಿ ಸದ್ದು ಮಾಡುವಂತಿಲ್ಲ. ಕ್ನಾಪ್ ಗಡುವಿನ ಕೊನೆಯ ಶುಕ್ರವಾರ ಹನ್ನೆರಡೂವರೆಗೆ ಕಬ್ಬಿಣದ ಗರಗಸ ಹಿಡಿದ. ಹನ್ನೆರಡು ಐವತ್ತೆಂಟಕ್ಕೆ ಮೂವತ್ತೆರಡು ಸೆಂಟಿಮೀಟರ್ ತುಂಡು ಹುಲ್ಲಿನ ಮೇಲೆ ಬಿತ್ತು. ಸದ್ದಿಲ್ಲದ ಎರಡು ಗಂಟೆಯಲ್ಲಿ ಅಂಚಿಗೆ ಹಸಿರು ಬಣ್ಣ ಬಳಿದು, ಮುಚ್ಚಳವನ್ನು ಮತ್ತೆ ಕೂರಿಸಿದ. ಪೈಪು ಮೊದಲಿನಿಂದಲೂ ಹಾಗೇ ಇತ್ತೇನೋ ಎಂಬಷ್ಟು ಅಚ್ಚುಕಟ್ಟು. ನಾನು ಬೇಲಿಯ ಈಚೆ ಕರಂಟ್ ಗಿಡದ ಪುಟ್ಟ ಕೆಂಪು ಹಣ್ಣು ಬಿಡಿಸುತ್ತ ಎಲ್ಲವನ್ನೂ ನೋಡಿದೆ. ನೋಡುವುದು ನನ್ನ ಸ್ವಭಾವ. ಹೇಳುವುದಲ್ಲ.

ನಮೂನೆಯಲ್ಲಿ ದಿನಾಂಕ, ಸಮಯ, ಅಳತೆ, ಹವೆ, ಸಹಿ ಎಂದು ಐದು ಕಾಲಂಗಳಿವೆ. ಪೈಪು ಕತ್ತರಿಸಿದ್ದನ್ನು ಬರೆಯಲು ಕಾಲಂ ಇಲ್ಲ. ಕಾಲಂ ಇಲ್ಲದ ಕಡೆ ಬರೆಯುವ ಮನುಷ್ಯನಲ್ಲ ಕ್ನಾಪ್.

ಮರುದಿನ ಹತ್ತಕ್ಕೆ ಸೀಟಿ ಕೂಗಿತು. ಕ್ನಾಪ್ ಇನ್ನೊಮ್ಮೆ ಇಳಿಬಿಟ್ಟ. ಮತ್ತೊಮ್ಮೆ ಇಳಿಬಿಟ್ಟ.

“ರೋಸ್ವಿಟಾ! ಎರಡು ಐವತ್ನಾಲ್ಕು! ನೀರು ಮೇಲೆ ಬಂದಿದೆ ಕಣೇ! ಒಂದೇ ವಾರಕ್ಕೆ ಮೂವತ್ತೆರಡು ಸೆಂಟಿಮೀಟರ್!”

“ಮಳೆನೇ ಬಂದಿಲ್ವಲ್ಲೋ.”

“ಮಳೆ ಬರದೇನೇ ಬಂದಿದೆ. ಅದೇ ವಿಶೇಷ!”

ಬಾಯಿ ಕೆಳಗಿಳಿಸಿದರೆ ನೀರು ಬಾಯಿಗೆ ಹತ್ತಿರವಾಗುತ್ತದೆ ಎಂಬುದು ಹಸುಗಳಿಗೂ ಗೊತ್ತು. ಅವು ನೀರು ಕುಡಿಯುವುದೇ ಹಾಗೆ. ಆದರೆ ಹಸುಗಳು ನಮೂನೆ ತುಂಬುವುದಿಲ್ಲ. ಆ ದಿನ ನನಗೂ ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಕ್ನಾಪ್ ಅಂದೇ ಅಳತೆಯನ್ನು ಕಚೇರಿಗೆ ತಿಳಿಸಿದ. ಆರು ವಾರದ ರಜೆ ಎರಡೇ ದಿನಕ್ಕೆ ಮುಗಿಯಿತು. ಸೋಮವಾರ ಎಂಟಕ್ಕೆ ಮೂರು ಬಿಳಿ ಕಾರುಗಳು ಬಂದವು. ಮೊದಲನೆಯದರಿಂದ ಜಲ ಕಚೇರಿಯ ಡಾ. ಲೋಟಾರ್ ಬ್ರೆಮ್ ಇಳಿದರು. ಅಳೆದು ತೂಗಿ ಮಾತಾಡುವ, ಅಳೆಯದೆ ಇದ್ದರೆ ಮಾತೇ ಆಡದ ಮನುಷ್ಯ. ಅವರೇ ಸ್ವತಃ ಸೀಟಿ ಇಳಿಸಿದರು. ಸರಕಾರಕ್ಕೂ ಎರಡು ಐವತ್ನಾಲ್ಕೇ ಬಂತು. ಪೈಪು ನೆಲದಿಂದ ಎಷ್ಟು ಎತ್ತರವಿದೆ ಎಂದು ಮಾತ್ರ ಯಾರೂ ಅಳೆಯಲಿಲ್ಲ. ಅದು ಕಡತದಲ್ಲಿತ್ತು.

“ಕಸದ ತಳಕ್ಕೂ ನೀರಿಗೂ ಇಪ್ಪತ್ತು ಸೆಂಟಿಮೀಟರ್ ಅಂತರ ಇತ್ತು,” ಎಂದರು ಡಾ. ಬ್ರೆಮ್. “ಈಗ ನೀರು ಮೂವತ್ತೆರಡು ಏರಿದೆ. ಅಂದರೆ ಕಸ ಹನ್ನೆರಡು ಸೆಂಟಿಮೀಟರ್ ನೀರಲ್ಲಿ ನಿಂತಿದೆ.”

“ಕಾಲು ನೆನೆಸ್ಕೊಂಡು ಕೂತಿದೆ ಅನ್ನಿ,” ಎಂದ ಹಾರ್ಮ್.

ಪಂಪುಗಳಿಗೆ ಕೆಂಪು ಪಟ್ಟಿ ಸುತ್ತಿದರು. ನೀರಿನ ಗಾಡಿ ಬರತೊಡಗಿತು. ಆರನೆಯ ಮತ್ತು ಎಂಟನೆಯ ಪೈಪುಗಳಲ್ಲಿ ನೀರು ಕೂದಲೆಳೆಯಷ್ಟೂ ಏರಿರಲಿಲ್ಲ. ಇದರಿಂದ ಸಾಮಾನ್ಯ ಮನುಷ್ಯನಿಗೆ ಸಂಶಯ ಬರಬಹುದು. ವಿಜ್ಞಾನಕ್ಕೆ ಸ್ಫೂರ್ತಿ ಬಂತು. ನೀರು ಎಲ್ಲ ಕಡೆ ಚಪ್ಪಟೆಯಾಗಿದ್ದು, ಕ್ನಾಪ್‌ನ ತೋಟದಡಿಯಲ್ಲಿ ಮಾತ್ರ ಬನ್ನಿನ ಹಾಗೆ ಉಬ್ಬಿದೆ ಎಂದು ಡಾ. ಬ್ರೆಮ್ ನಕ್ಷೆ ಬರೆಸಿದರು. ನಕ್ಷೆಯಲ್ಲಿ ಅದಕ್ಕೊಂದು ಹೆಸರು ಬೇಕಾಗಿತ್ತು. ‘ಕ್ನಾಪ್ ಉಬ್ಬು’ ಎಂದಿಟ್ಟರು. ಆಸ್ಟ್ರಿಯಾದ ಒಂದು ಸಮ್ಮೇಳನದಲ್ಲಿ ಅದರ ಬಗ್ಗೆ ಅರ್ಧ ಗಂಟೆ ಮಾತಾಡಿದರು.

“ಅಡುಗೆಮನೆ ನಲ್ಲಿ ಸರಿಯಾಗಿ ಮುಚ್ಚೋಕೆ ಬರಲ್ಲ,” ಎಂದಳು ರೋಸ್ವಿಟಾ. “ಇವನ ಹೆಸರಲ್ಲಿ ನೀರು ಉಬ್ಬಿದೆಯಂತೆ.”

ಸಂಜೆನೆಮ್ಮದಿಗೆ ನೆಮ್ಮದಿ ಹೋಯಿತು. ತನ್ನ ಮಂಡಿ ಮೇ ತಿಂಗಳಲ್ಲೇ ಇದನ್ನು ಹೇಳಿತ್ತು ಎಂದು ಒಬ್ಬಾಕೆ ಹೇಳಿಕೊಂಡು ತಿರುಗಿದಳು. ಹಾರ್ಮ್ ತನ್ನ ಮರದ ಮನೆಯನ್ನು ಜಾಕಿ ಕೊಟ್ಟು ಎತ್ತಿ ಇಟ್ಟಿಗೆಗಳ ಮೇಲೆ ಕೂರಿಸಿದ. ಅದು ಎಂಬತ್ತು ಸೆಂಟಿಮೀಟರಿನ ಪ್ರಶ್ನೆಯಲ್ಲ, ಛಾವಣಿಯ ಎತ್ತರದ ಪ್ರಶ್ನೆ ಎಂದು ಹೆಡ್ವಿಗ್ ಅವನಿಗೂ ನೋಟಿಸು ಕೊಟ್ಟಳು. ನೀರು ನುಗ್ಗಿದರೆ ಯಾವ ತೋಟದವರು ಯಾರ ಹಿಂದೆ ಓಡಬೇಕೆಂದು ತೋಟದ ಸಂಖ್ಯೆಯ ಪ್ರಕಾರ ಪಟ್ಟಿ ಮಾಡಿ ಸೂಚನಾಫಲಕಕ್ಕೆ ಅಂಟಿಸಿದಳು. ನಲವತ್ತೆರಡನೆಯ ತೋಟದವರು ಆಕ್ಷೇಪಿಸಿದರು. ಕ್ನಾಪ್ ಮಾತ್ರ ತನ್ನ ತೋಟದಲ್ಲಿ ತುದಿಗಾಲಲ್ಲಿ ನಡೆಯುತ್ತಿದ್ದ. ಉಬ್ಬಿಗೆ ಭಾರ ಬೀಳಬಾರದಲ್ಲ.

ಉಬ್ಬಿನ ಮೂಲ ಹುಡುಕಲು ಕಚೇರಿಯವರು ನಮ್ಮೆಲ್ಲರ ಪಂಪುಗಳಿಂದ ಸೀಸೆಗಳಲ್ಲಿ ನೀರು ತುಂಬಿಕೊಂಡು ಹೋದರು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ನೀರು ಎಷ್ಟಿದೆ ಎಂದು ಅಳೆಯುವುದು ಅಗ್ಗ. ನೀರಿನಲ್ಲಿ ಏನಿದೆ ಎಂದು ನೋಡುವುದು ದುಬಾರಿ.

ಈ ನಡುವೆ ನಾನು ಸುಮ್ಮನಿರಲಾರದೆ ಒಂದು ಕೆಲಸ ಮಾಡಿದೆ. ಕೆಂಪು ಪಟ್ಟಿಯನ್ನು ಹರಿಯದ ಹಾಗೆ ಜಾಗ್ರತೆಯಾಗಿ ಸರಿಸಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ಚಮಚ ಕಟ್ಟಿ, ನನ್ನ ಬಾವಿಕೊಳವೆಗೆ ಇಳಿಬಿಟ್ಟೆ. ಉಬ್ಬಿನ ಪಕ್ಕದಲ್ಲೇ ಇದ್ದರೂ ನನ್ನ ನೀರು ವಸಂತದಲ್ಲಿ ನಾನು ಗುರುತು ಹಾಕಿದಲ್ಲೇ ಇತ್ತು. ನೂರ ಹನ್ನೆರಡರಲ್ಲಿ ಎಂಬತ್ತು ಕಳೆದೆ. ಇನ್ನೂರ ಎಂಬತ್ತಾರರಲ್ಲಿ ಇನ್ನೂರ ಐವತ್ನಾಲ್ಕು ಕಳೆದೆ. ಎರಡು ಸಲವೂ ಮೂವತ್ತೆರಡೇ ಬಂತು. ಹೇಳಬೇಕೋ ಬೇಡವೋ ಎಂದು ಒಂಬತ್ತು ದಿನ ಯೋಚಿಸಿದೆ. ಹತ್ತನೆಯ ದಿನ ಸೀಸೆಗಳ ಫಲಿತಾಂಶ ಬಂತು.

ಉಬ್ಬಿನ ಮೂಲ ಸಿಕ್ಕಿರಲಿಲ್ಲ. ಬೇರೆಯದು ಸಿಕ್ಕಿತ್ತು. ನಲವತ್ತೆರಡು ಪಂಪುಗಳಲ್ಲಿ ಇಪ್ಪತ್ತೇಳರಲ್ಲಿ, ಹಿಂದೆ ಲಾಂಡ್ರಿಗಳವರು ನೀರು ಮುಟ್ಟಿಸದೆ ಕೋಟು ತೊಳೆಯಲು ಬಳಸುತ್ತಿದ್ದ ದ್ರಾವಕ. ಪೀಪಾಯಿಗಟ್ಟಲೆ ಗುಡ್ಡದೊಳಗಿದೆ. ನೀರು ಏರಬೇಕಾಗಿಯೇ ಇರಲಿಲ್ಲ. ಅದು ತಾನಾಗಿ ಸೋರಿ ವರ್ಷಗಳಿಂದ ಬರುತ್ತಿತ್ತು. ಅತಿ ಹೆಚ್ಚು ಇದ್ದದ್ದು ನನ್ನ ಪಂಪಿನಲ್ಲಿ. ಮಿತಿಯ ಎಂಟು ಪಟ್ಟು. ಹದಿನಾರು ಬೇಸಿಗೆ ನಾನು ಆ ನೀರಿನಲ್ಲಿ ಚಹಾ ಮಾಡಿ ಕುಡಿದಿದ್ದೇನೆ. ಬಂದವರಿಗೆಲ್ಲ ಕೊಟ್ಟಿದ್ದೇನೆ. ನಿನ್ನ ಚಹಾಕ್ಕೆ ಒಂದು ವಿಶೇಷ ರುಚಿಯಿದೆ ಎಂದು ಹೆಡ್ವಿಗ್ ಹೊಗಳಿದ್ದಳು.

ಫಲಿತಾಂಶದ ಜೊತೆಗಿದ್ದ ಪತ್ರವನ್ನು ನಾನು ಮೂರು ಸಲ ಓದಿದೆ. ಪುರಸಭೆಯ ಖರ್ಚಿನಲ್ಲಿ ಎಲ್ಲ ತೋಟಗಳಿಗೂ ಶುದ್ಧ ನೀರಿನ ಕೊಳವೆ ಹಾಕಿ, ಗುಡ್ಡದ ಬುಡಕ್ಕೆ ತಡೆಗೋಡೆ ಕಟ್ಟಬಹುದು. ಆದರೆ ಈ ತನಿಖೆ ಮಂಜೂರಾದದ್ದು ‘ನೀರಿನ ಹಠಾತ್ ಏರಿಕೆ’ ಎಂಬ ಕಾರಣಕ್ಕೆ. ಆ ಕಾರಣ ಬಿದ್ದುಹೋದರೆ ಫಲಿತಾಂಶಗಳೂ ಬಿದ್ದುಹೋಗುತ್ತವೆ. ಆಗ ನಿಗದಿಯಾದ ಮುಂದಿನ ಪರೀಕ್ಷೆಯವರೆಗೆ ಕಾಯಬೇಕು. ಅದು ಒಂಬತ್ತು ವರ್ಷದ ನಂತರ. ನಾನು ಪತ್ರವನ್ನು ಮಡಚಿ, ಇನ್ನು ಬಾಯಿ ಬಿಡುವುದಿಲ್ಲ ಎಂದು ನಿರ್ಧರಿಸಿದೆ.

ಆ ನಿರ್ಧಾರ ಮುರಿದದ್ದು ಕ್ನಾಪ್‌ನ ಜಾಮಿನಿಂದ. ಮರುದಿನ ಅವನು ಪ್ಲಮ್ ಹಣ್ಣಿನ ಜಾಮಿನ ಸೀಸೆಗಳನ್ನು ಬುಟ್ಟಿಯಲ್ಲಿ ಹೊತ್ತು, ಮನೆಮನೆಗೆ ಕ್ಷಮೆ ಕೇಳುತ್ತ ಬಂದ. ಕಣ್ಣು ಊದಿತ್ತು.

“ಗೇಸಾ, ನನ್ನ ಉಬ್ಬಿನಿಂದ ನಿನ್ನ ನೀರು ಕೆಡ್ತು. ನಾನು ತೋಟ ಬಿಟ್ಟು ಹೋಗ್ತೀನಿ. ನಾನು ಹೋದ್ರೆ ಅದೂ ಇಳೀಬಹುದು.”

“ವಿನ್‌ಫ್ರೀಡ್,” ಎಂದೆ, “ಉಬ್ಬೇ ಇಲ್ಲ ಮಾರಾಯಾ. ನೀನು ಪೈಪು ಕುಯ್ದೆ.”

“ಹೌದು, ಕುಯ್ದೆ. ನಿಯಮ ಇತ್ತಲ್ಲ.”

“ಎಷ್ಟು ಕುಯ್ದೆ?”

“ಮೂವತ್ತೆರಡು.”

“ನೀರು ಎಷ್ಟು ಏರ್ತು?”

“ಮೂವತ್ತೆ...” ಎಂದವನು ಬುಟ್ಟಿಯನ್ನು ಕೆಳಗಿಟ್ಟ. ನಿಧಾನವಾಗಿ ಬೆರಳುಗಳನ್ನು ಬಾಯಿಯ ಹತ್ತಿರ ತಂದ, ಮತ್ತೆ ದೂರ ಒಯ್ದ. ಮುಖ ಅರಳಿತು. “ಅಂದ್ರೆ ನಾನು ಏನೂ ಮಾಡಿಲ್ಲ! ಅಂದ್ರೆ ಇದು ಮೊದಲಿಂದಲೇ ಕೆಟ್ಟಿತ್ತು! ಅಯ್ಯೋ ದೇವರೇ, ಈಗಲೇ ಡಾಕ್ಟರ್ ಬ್ರೆಮ್‌ಗೆ ಹೇಳ್ಬೇಕು!”

ಬೇಕರಿಯವಳು ಎರಡು ಬನ್ನು ಹೆಚ್ಚಿಗೆ ಹಾಕಿದಳೆಂದು ಬಸ್ಸು ಹಿಡಿದು ಹೋಗಿ ಹಿಂದಿರುಗಿಸಿ ಬಂದ ಮನುಷ್ಯ ಅವನು. ನಾನು ಪತ್ರದ ಆ ಸಾಲನ್ನು ಓದಿ ತೋರಿಸಿದೆ. ಅವನು ಓದಿದ. “ಇದು ಅನ್ಯಾಯ,” ಎಂದ. “ನಾಳೆ ಸಭೆಯಲ್ಲಿ ಸತ್ಯ ಹೇಳಿದ ಮೇಲೆ ಇದನ್ನೂ ಹೇಳ್ತೀನಿ.”

ನಾನು ರೋಸ್ವಿಟಾಗೆ ಹೇಳಿದೆ. ರೋಸ್ವಿಟಾ ಹೆಡ್ವಿಗ್‌ಗೆ ಹೇಳಿದಳು. ಸಂಜೆಯ ಹೊತ್ತಿಗೆ ಉಳಿದ ನಲವತ್ತೊಂದು ತೋಟಗಳವರೂ ಕೇಕು ಹಿಡಿದು ಕ್ನಾಪ್‌ನ ಗೇಟಿನಲ್ಲಿ ಸಾಲುಗಟ್ಟಿದ್ದರು.

“ಹೇಳ್ಬೇಡ ಅಂತ ಯಾರಂದ್ರು?” ಎಂದ ಹಾರ್ಮ್. “ಹೇಳು. ಕೊಳವೆ ಹಾಕಿ ಮುಗಿದ ಮೇಲೆ ಹೇಳು. ಬೇಕಾದ್ರೆ ನಾನೇ ಕರ್ಕೊಂಡು ಹೋಗ್ತೀನಿ.”

“ನಾನು ವೀಕ್ಷಕ. ನೋಡಿದ್ದನ್ನ ಹೇಳ್ಬೇಕು.”

“ಕುಯ್ಯೋವಾಗ ನೋಡ್ಲಿಲ್ವಲ್ಲೋ, ಈಗೇನು ಅವಸರ?” ಎಂದಳು ರೋಸ್ವಿಟಾ.

ಹೆಡ್ವಿಗ್ ಬಹುವಚನದಲ್ಲಿ ಬಂದಳು, ಅಂದರೆ ವಿಷಯ ಗಂಭೀರ. “ಕ್ನಾಪ್ ಅವರೇ, ಪೈಪು ಕುಯ್ಯಿರಿ ಅಂತ ನಾನು ಹೇಳಿರಲಿಲ್ಲ. ಎಂಬತ್ತು ಸೆಂಟಿಮೀಟರ್ ಮೀರದ ಹಾಗೆ ನೋಡಿಕೊಳ್ಳಿ ಅಂದಿದ್ದೆ. ಅದು ನಡಾವಳಿಯಲ್ಲಿದೆ.” ಇತ್ತು ನಿಜ. ನಾನೇ ಬರೆದದ್ದು.

ಮರುದಿನ ಸಂಘದ ಕೊಠಡಿಯಲ್ಲಿ ಸಭೆ. ಒಂದು ತೋಟಕ್ಕೆ ಒಂದು ಮತ. ಕೊಳವೆಯ ಕಂದಕ ಎಲ್ಲರ ತೋಟದ ಮೂಲಕ ಹಾಯುವುದರಿಂದ ನಲವತ್ತೆರಡೂ ಮತ ಬೇಕು, ಒಂದು ಕಡಿಮೆಯಾದರೂ ಪುರಸಭೆ ಹಿಂದೆ ಸರಿಯುತ್ತದೆ ಎಂದು ಡಾ. ಬ್ರೆಮ್ ಮೊದಲೇ ಹೇಳಿದರು. ಆಮೇಲೆ ಉಬ್ಬಿನ ನಕ್ಷೆಯನ್ನು ಗೋಡೆಗೆ ತೂಗುಹಾಕಿದರು. ಕ್ನಾಪ್ ಎದ್ದು ನಿಂತ.

“ನಾನೊಂದು ಮಾತು...”

“ಕಾಫಿ ಯಾರಿಗೆ?” ಎಂದು ರೋಸ್ವಿಟಾ ಕೂಗಿದಳು. ನಲವತ್ತೊಂದು ಕೈಗಳು ಎದ್ದವು. ಅವಳು ಎಲ್ಲರಿಗೂ ಸುರಿಯುವಷ್ಟರಲ್ಲಿ ಕಾಲು ಗಂಟೆ ಕಳೆಯಿತು. ಕ್ನಾಪ್ ನಿಂತೇ ಇದ್ದ.

“ಪೈಪಿನ ವಿಷಯದಲ್ಲಿ...”

“ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ,” ಎಂದಳು ಹೆಡ್ವಿಗ್. “ನಿಯಮ ಹದಿನಾಲ್ಕು.”

“ಮೂವತ್ತೆರಡು ಸೆಂಟಿಮೀಟರ್...”

ಹಾರ್ಮ್‌ಗೆ ಭಯಂಕರ ಕೆಮ್ಮು ಬಂತು. ಅವನ ಬೆನ್ನು ತಟ್ಟಲು ಐದು ಜನ ಎದ್ದರು. ಅವರಲ್ಲಿ ಇಬ್ಬರಿಗೆ ಕೆಮ್ಮು ಅಂಟಿತು. ಆದರೆ ಕೆಮ್ಮಿಗೂ ಒಂದು ಕೊನೆಯಿದೆ. ಅದು ನಿಂತ ಆ ಒಂದು ಉಸಿರಿನಲ್ಲಿ ಕ್ನಾಪ್ ಗಟ್ಟಿಯಾಗಿ ಹೇಳಿಬಿಟ್ಟ:

“ನೀರು ಏರಿಲ್ಲ. ನಾನು ಪೈಪನ್ನ ಗರಗಸದಲ್ಲಿ ಕುಯ್ದೆ.”

ನನ್ನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಡಾ. ಬ್ರೆಮ್ ಕ್ನಾಪ್‌ನನ್ನು ನೋಡಿದರು. ನಕ್ಷೆಯನ್ನು ನೋಡಿದರು. ಆಸ್ಟ್ರಿಯಾದಲ್ಲಿ ಅದಕ್ಕೆ ಬಿದ್ದ ಚಪ್ಪಾಳೆ ಅವರಿಗೆ ಕೇಳಿಸಿರಬೇಕು. ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

“ಕ್ನಾಪ್ ಅವರೇ, ಏಳನೆಯ ಪೈಪಿನ ಎತ್ತರ ನೂರ ಹನ್ನೆರಡು ಸೆಂಟಿಮೀಟರ್. ನಮ್ಮ ಕಡತದಲ್ಲಿದೆ. ನಮ್ಮ ಕಚೇರಿ ಅದನ್ನ ಕುಯ್ಸಿಲ್ಲ. ಕುಯ್ಯೋದಕ್ಕೆ ಅನುಮತಿಯನ್ನೂ ಕೊಟ್ಟಿಲ್ಲ. ಅನುಮತಿ ಇಲ್ಲದೆ ಪೈಪು ಕುಯ್ಯೋಕೆ ಆಗಲ್ಲ. ಆದ್ದರಿಂದ ಅದು ಕುಯ್ದಿಲ್ಲ.”

“ಹೊರಗೆ ಬನ್ನಿ ಸ್ವಾಮೀ, ತೋರಿಸ್ತೀನಿ! ಅಲ್ಲೇ ನಿಂತಿದೆ!”

“ನಾನು ಪೈಪು ನೋಡೋಕೆ ಬಂದಿಲ್ಲ,” ಎಂದರು ಡಾ. ಬ್ರೆಮ್. “ಅಂತರ್ಜಲದ ಕೆಲಸಕ್ಕೆ ಬಂದಿದೀನಿ.”

ಕ್ನಾಪ್ ಸುತ್ತಲೂ ನೋಡಿದ. ನಲವತ್ತೊಂದು ತೋಟಗಳ ಜನ ಅವರವರ ಬಟ್ಟಲಿನೊಳಗೆ ನೋಡುತ್ತಿದ್ದರು. ಅವನ ಕಣ್ಣು ಕೊನೆಗೆ ನನ್ನ ಮೇಲೆ ನಿಂತಿತು.

“ನೀವಾದ್ರೂ ಬರ್ಕೊಂಡ್ರಾ?”

“ಬರ್ಕೊಂಡೆ,” ಎಂದೆ. ‘ಶ್ರೀ ಕ್ನಾಪ್ ಮಾತನಾಡಿದರು. ಸಭೆ ಗಮನಿಸಿತು’ ಎಂದು ಬರೆದಿದ್ದೆ. ಒಂದು ಅಕ್ಷರವೂ ಸುಳ್ಳಲ್ಲ.

ಹೆಡ್ವಿಗ್ ತಡಮಾಡದೆ ಮತಕ್ಕೆ ಹಾಕಿದಳು. ಶುದ್ಧ ನೀರಿನ ಕೊಳವೆಯ ಪರವಾಗಿರುವವರು ಕೈಯೆತ್ತಬೇಕು. ನಾನು ಎಣಿಸುತ್ತ ಹೋದೆ. ನನ್ನ ಕೈಯನ್ನೂ ಸೇರಿಸಿ ನಲವತ್ತೊಂದು. ಕ್ನಾಪ್ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ.

“ಕ್ನಾಪ್ ಅವರೇ?” ಎಂದಳು ಹೆಡ್ವಿಗ್.

“ನೀರು ಬೇಕು,” ಎಂದ ಅವನು. “ಸುಳ್ಳಿನ ನೀರು ಬೇಡ.”

“ಮತ್ತೆ ಈಗ ಕುಡೀತಿದ್ದದ್ದು ಯಾವ ಸತ್ಯದ ನೀರೋ?” ಎಂದಳು ರೋಸ್ವಿಟಾ. ಕಾಫಿಯ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಗಂಡನ ಬಲಗೈಯನ್ನು ತೊಡೆಯಡಿಯಿಂದ ಎಳೆದು, ಮೊಣಕೈ ಹಿಡಿದು ಮೇಲೆತ್ತಿದಳು. ಅವನು ಬಿಡಿಸಿಕೊಳ್ಳಲು ಸ್ವಲ್ಪ ಹೆಣಗಿದ. ಅವಳು ಇಪ್ಪತ್ತು ವರ್ಷ ಆ ಪಂಪು ಒತ್ತಿದವಳು, ಕೈ ಅಲುಗಲಿಲ್ಲ.

ಡಾ. ಬ್ರೆಮ್ ನನ್ನ ಕಡೆ ತಿರುಗಿದರು. ಹೆಡ್ವಿಗ್ ತಿರುಗಿದಳು. ಎಲ್ಲರೂ ತಿರುಗಿದರು. ನಾನು ನಿಯಮ ಪುಸ್ತಕವನ್ನು ತೆರೆದು, ಮತದಾನದ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಕೈ ಯಾರದಾಗಿರಬೇಕು ಎಂದು ಅದರಲ್ಲಿದೆ. ಎತ್ತುವವರು ಯಾರಾಗಿರಬೇಕು ಎಂದು ಇಲ್ಲ.

“ನಲವತ್ತೆರಡು,” ಎಂದೆ.